ತಲೆ ವಾಲಿದ ಮೊಲದ ಆರೈಕೆಯಲ್ಲಿ ಕ್ರಿಟಿಕಲ್ ಕೇರ್ ಪುಡಿ: ಒಂದು ವಿಮರ್ಶೆ

ಆಕ್ಸ್‌ಬೋ ಸಂಸ್ಥೆಯ ಕ್ರಿಟಿಕಲ್ ಕೇರ್ ಎಂಬುದು ಟಿಮೋತಿ ಹುಲ್ಲನ್ನು ಮುಖ್ಯ ದ್ರವ್ಯವಾಗಿಟ್ಟುಕೊಂಡ ಪುಡಿ ಆಹಾರ. ತಾವಾಗಿ ಮೇವು ಮುಟ್ಟದ ಮೊಲ, ಗಿನಿಯಿಲಿಗಳಂಥ ಸಸ್ಯಾಹಾರಿ ಸಾಕುಪ್ರಾಣಿಗಳಿಗೆ ಇದನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಸಿರಿಂಜಿನಿಂದ ತಿನ್ನಿಸಲಾಗುತ್ತದೆ. ಹಲ್ಲಿನ ತೊಂದರೆಯಿದ್ದಾಗ ಅಥವಾ ಶಸ್ತ್ರಚಿಕಿತ್ಸೆಯ ನಂತರ ಇದನ್ನು ಬಳಸುವುದು ಸಾಮಾನ್ಯ. ನಾನು ಇದರ ಗುಣಾವಗುಣಗಳನ್ನು ತೂಗಿ ನೋಡಿದ್ದು ಬೇರೊಂದು ಸಂದರ್ಭದಲ್ಲಿ. ಅಲ್ಲಿಯವರೆಗೂ ಜಿಗಿದಾಡಿಕೊಂಡಿದ್ದ ನನ್ನ ಮೊಲದ ಕತ್ತು ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ತಿರುಚಿಕೊಂಡಿತು, ಕಣ್ಣುಗುಡ್ಡೆಗಳು ಅತ್ತಿತ್ತ ಅದುರತೊಡಗಿದವು, ಎದ್ದು ನಿಲ್ಲಲು ಹೋದಾಗಲೆಲ್ಲ ಅದು ಉರುಳಿ ಬೀಳುತ್ತಿತ್ತು. ಅಂಥ ಮೊಲಕ್ಕೆ ಈ ಪುಡಿ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಇದು ಔಷಧವಲ್ಲ. ವಾಲಿದ ಕತ್ತನ್ನು ಇದು ನೇರ ಮಾಡುವುದಿಲ್ಲ, ತಯಾರಕರೂ ಹಾಗೆ ಹೇಳಿಕೊಂಡಿಲ್ಲ. ಆದರೂ ಚಿಕಿತ್ಸೆಯ ಮೊದಲ ದಿನಗಳಲ್ಲಿ ಔಷಧದಷ್ಟೇ ಮುಖ್ಯವಾಗುವ ವಸ್ತು ಇದೆಂದು ನಾನು ಹೇಳುವುದಕ್ಕೆ ಕಾರಣ ಮೊಲದ ಕರುಳಿನ ಸ್ವಭಾವದಲ್ಲಿದೆ. ಆ ಕರುಳು ಹಗಲಿರುಳೂ ನಾರಿನಂಶವನ್ನು ಮುಂದಕ್ಕೆ ತಳ್ಳುತ್ತಲೇ ಇರಬೇಕು. ಅರ್ಧ ದಿನ ಮೇವು ಬೀಳದಿದ್ದರೂ ಅದರ ಚಲನೆ ಕುಂಠಿತವಾಗಿ, ಗ್ಯಾಸ್ ತುಂಬಿ, ನೋವು ಹೆಚ್ಚಿ, ಆ ನೋವಿನಿಂದಾಗಿ ಮೊಲ ಇನ್ನಷ್ಟು ತಿನ್ನದಾಗುತ್ತದೆ. ತಲೆ ಸುತ್ತುತ್ತಿರುವ ಮೊಲಕ್ಕೆ ಹಸಿವಿದ್ದರೂ ಮುಂದಿರುವ ಹುಲ್ಲಿಗೆ ಬಾಯಿ ಹಾಕಲು ಆಗುವುದಿಲ್ಲ. ಹೀಗಾಗಿ ಮೂಲ ರೋಗ ಮಿದುಳಿನಲ್ಲಿಯೋ ಕಿವಿಯಲ್ಲಿಯೋ ಇದ್ದರೂ, ಜೀವಕ್ಕೆ ಕುತ್ತು ಹೊಟ್ಟೆಯಿಂದ ಬರಬಹುದು.

ರೋಗದ ಕಾರಣ ತಿಳಿಯಲು ಸಮಯ ಹಿಡಿಯುತ್ತದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಇಂಥ ಲಕ್ಷಣಗಳಿಗೆ ಮುಖ್ಯವಾಗಿ ಸಂಶಯಪಡುವುದು ಎರಡನ್ನು: ಒಳಗಿವಿಯ ಬ್ಯಾಕ್ಟೀರಿಯಾ ಸೋಂಕು, ಇಲ್ಲವೇ 1922ರಲ್ಲಿ ಮೊಲಗಳಲ್ಲಿಯೇ ಮೊದಲು ಗುರುತಿಸಲಾದ ಎನ್ಸೆಫಾಲಿಟೊಜೂನ್ ಕ್ಯುನಿಕ್ಯುಲಿ ಎಂಬ ಸೂಕ್ಷ್ಮ ಪರೋಪಜೀವಿ. ಪೆಟ್ಟು, ಸೀಸದ ವಿಷ ಮೊದಲಾದ ಬೇರೆ ಕಾರಣಗಳೂ ಉಂಟು. ರಕ್ತದಲ್ಲಿ ಪರೋಪಜೀವಿಯ ವಿರುದ್ಧದ ಪ್ರತಿಕಾಯಗಳು ಕಂಡುಬಂದರೂ ಅದು ಹಿಂದೆಂದೋ ಸೋಂಕು ತಗುಲಿದ್ದನ್ನಷ್ಟೇ ಹೇಳುತ್ತದೆ. ಆರೋಗ್ಯವಂತ ಮೊಲಗಳಲ್ಲೂ ಅವು ಕಾಣಿಸುವುದುಂಟು. ನಡುಗಿವಿಯಲ್ಲಿ ಕೀವು ತುಂಬಿದೆಯೇ ಎಂದು ಚೆನ್ನಾಗಿ ತೋರಿಸುವುದು ಸಿಟಿ ಸ್ಕ್ಯಾನ್. ಪರೋಪಜೀವಿಗೆ ಕೊಡುವ ಫೆನ್‌ಬೆಂಡಜೋಲ್ ಸಾಮಾನ್ಯವಾಗಿ 28 ದಿನಗಳ ಚಿಕಿತ್ಸೆ, ಕಿವಿಯ ಸೋಂಕಿಗೆ ಆ್ಯಂಟಿಬಯಾಟಿಕ್ ಹಲವು ವಾರ ನಡೆಯುತ್ತದೆ. ಔಷಧ ವಾರಗಟ್ಟಲೆ ಕೆಲಸ ಮಾಡಬೇಕು, ಕರುಳು ಒಂದು ದಿನವೂ ಕಾಯುವುದಿಲ್ಲ. ಈ ಅಂತರವನ್ನು ತುಂಬುವ ಕೆಲಸವನ್ನು ಪುಡಿ ಬಹಳ ಚೆನ್ನಾಗಿ ಮಾಡುತ್ತದೆ. (ಪೆನಿಸಿಲಿನ್ ವರ್ಗದ ಆ್ಯಂಟಿಬಯಾಟಿಕ್‌ಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಡಕೂಡದು, ಅವು ಕರುಳಿನ ಉಪಕಾರಿ ಜೀವಾಣುಗಳ ಸಮತೋಲನವನ್ನೇ ಕೆಡಿಸಿ ಪ್ರಾಣಕ್ಕೆ ಎರವಾಗಬಲ್ಲವು. ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ಪುಡಿಮಾಡಿ ಈ ಆಹಾರದಲ್ಲಿ ಬೆರೆಸಿಕೊಡುವ ಯೋಚನೆ ಯಾರಿಗೂ ಬಾರದಿರಲಿ.)

ಇನ್ನು ಬಳಕೆಯ ವಿಷಯ. ಒಂದು ಪಾಲು ಪುಡಿಗೆ ಎರಡು ಪಾಲು ಬೆಚ್ಚಗಿನ ನೀರು ಎಂಬ ಅಳತೆಯಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ನಾರು ನೀರು ಹೀರಿಕೊಂಡು ಲೇಹದ ಹದಕ್ಕೆ ಬರುತ್ತದೆ. ಈ ನಾರಿನ ಎಳೆಗಳು ಉದ್ದವಾಗಿಯೇ ಇರುತ್ತವೆ. ಕರುಳನ್ನು ಚಲನೆಯಲ್ಲಿಡುವುದು ಅವೇ ಆದ್ದರಿಂದ ಇದನ್ನು ಕೊರತೆಯೆನ್ನಲಾಗದು. ಆದರೆ ಔಷಧ ಕೊಡುವ ಸಣ್ಣ ಸಿರಿಂಜಿನ ಕಿರಿದಾದ ಬಾಯಿಗೆ ಅದು ಒಗ್ಗುವುದಿಲ್ಲ, ತುದಿ ಅಗಲವಾಗಿರುವ ಸಿರಿಂಜನ್ನು ಮೊದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಇದೇ ಪುಡಿಯ ನುಣುಪಾದ ಬಗೆಯೂ ಸಿಗುತ್ತದೆ. ಅದು ಸಣ್ಣ ಸಿರಿಂಜಿನಲ್ಲೂ, ವೈದ್ಯರು ಮೂಗಿನ ಮೂಲಕ ಇಳಿಸುವ ಕೊಳವೆಯಲ್ಲೂ ಸರಾಗವಾಗಿ ಹೋಗುತ್ತದೆ. ನುಂಗಲು ಶಕ್ತಿಯಿರುವ ಮೊಲಕ್ಕೆ ಒರಟು ಬಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೋಂಪಿನ ಪರಿಮಳದ ಬಗೆಯನ್ನು ನನ್ನ ಮೊಲ ಒಪ್ಪಿಕೊಂಡಿತು. ಇನ್ನೊಂದು ಮೊಲ ಅದಕ್ಕೆ ಮುಖ ತಿರುಗಿಸಬಹುದು, ಅದನ್ನು ಮುಂಚಿತವಾಗಿ ಹೇಳಲಾಗದು.

ಪೊಟ್ಟಣದ ಮೇಲಿನ ಸೂಚನೆಗಳು ಕುಳಿತಿರುವ, ತಲೆ ನೆಟ್ಟಗಿರುವ ಪ್ರಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಉರುಳುವ ಮೊಲಕ್ಕೆ ತಿನ್ನಿಸುವ ರೀತಿಯೇ ಬೇರೆ. ಅದರ ಮೈಯ ಎರಡೂ ಬದಿಗೆ ಸುತ್ತಿದ ಟವೆಲುಗಳನ್ನು ಒತ್ತಾಗಿಟ್ಟು, ವಾಲಿದ ತಲೆಯನ್ನು ಬಲವಂತವಾಗಿ ನೇರಗೊಳಿಸದೆ, ಅದು ಯಾವ ಕೋನದಲ್ಲಿ ನೆಮ್ಮದಿಯಾಗಿರುತ್ತದೋ ಅದೇ ಕೋನದಲ್ಲಿ ಆಧಾರ ಕೊಡಬೇಕು. ಮುಂಬಲ್ಲುಗಳ ಹಿಂದೆ ಹಲ್ಲಿಲ್ಲದ ಜಾಗವೊಂದಿದೆ; ಪಕ್ಕದಿಂದ ಅಲ್ಲಿಗೆ ಸಿರಿಂಜಿನ ತುದಿಯನ್ನು ತೂರಿಸಿ, ಒಂದು ಮಿಲಿಲೀಟರಿಗಿಂತ ಕಡಿಮೆ ಹಾಕಿ, ಅಗಿದು ನುಂಗಿದ್ದನ್ನು ಕಣ್ಣಾರೆ ಕಂಡ ನಂತರವೇ ಮುಂದಿನ ತುತ್ತು ಕೊಡಬೇಕು. ಅಂಗಾತ ಮಲಗಿಸಿ ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮುಖದ ನರ ಸೋತು ನುಂಗುವುದೇ ಕಷ್ಟವಾಗಿದ್ದರೆ, ಅಥವಾ ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ಸಿರಿಂಜನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿಗೆ ಒಯ್ಯಬೇಕು. ಕರುಳಿನಲ್ಲಿ ತಡೆಯಿದ್ದಾಗ ಬಲವಂತದ ಆಹಾರ ಹಾನಿಯನ್ನೇ ಮಾಡುತ್ತದೆ. ತಲೆಸುತ್ತು ತಗ್ಗಿಸಲು ವೈದ್ಯರು ಮೆಕ್ಲಿಜಿನ್ ಕೊಟ್ಟಿದ್ದರೆ, ಅದರ ಪರಿಣಾಮ ಶುರುವಾದ ಮೇಲೆ ತಿನ್ನಿಸುವುದು ಇಬ್ಬರಿಗೂ ಸುಲಭ.

ದಿನದ ಒಟ್ಟು ಪ್ರಮಾಣವನ್ನು ಮೊಲದ ತೂಕ ನೋಡಿ ವೈದ್ಯರು ನಿಗದಿ ಮಾಡುತ್ತಾರೆ. ಅದನ್ನು ನಾಲ್ಕರಿಂದ ಆರು ಹೊತ್ತಿಗೆ ಹಂಚಬೇಕಾಗುವುದರಿಂದ ಮನೆಯಲ್ಲಿ ಒಬ್ಬರೇ ಇದ್ದರೆ ನಿದ್ದೆಗೆಡುವುದು ಖಂಡಿತ. ಪುಡಿ ಫಲ ಕೊಡುತ್ತಿದೆಯೇ ಎಂಬುದನ್ನು ಹೇಳುವುದು ಹಿಕ್ಕೆ ಮತ್ತು ತಕ್ಕಡಿ. ಹಿಕ್ಕೆಗಳು ದುಂಡಗೆ, ಒಂದೇ ಗಾತ್ರದಲ್ಲಿ, ಸಾಕಷ್ಟು ಬೀಳುತ್ತಿದ್ದು ತೂಕ ಇಳಿಯದಿದ್ದರೆ ಪ್ರಮಾಣ ಸರಿಯಿದೆ ಎಂದರ್ಥ. ಹಿಂಬದಿಗೆ ಅಂಟಿಕೊಂಡ ಮೆತ್ತನೆಯ ಮಲವನ್ನು ಕಂಡು ಪುಡಿಯಿಂದ ಭೇದಿಯಾಯಿತೆಂದು ಭಾವಿಸಬೇಕಾಗಿಲ್ಲ. ಮೊಲ ತನ್ನ ಗುದಕ್ಕೆ ಬಾಯಿ ಹಚ್ಚಿ ನೇರವಾಗಿ ತಿನ್ನಬೇಕಾದ ಪೋಷಕ ಮಲ ಅದು; ಮೈ ಬಾಗಿಸಲಾರದೆ ಅದನ್ನು ಬಿಟ್ಟಿರುತ್ತದೆ ಅಷ್ಟೆ. ತೇವದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ತಿನ್ನಿಸಿದ ಬಳಿಕ ಗಲ್ಲವನ್ನೂ, ನೆಲಕ್ಕೆ ತಾಗುವ ಕಣ್ಣಿನ ಸುತ್ತಲನ್ನೂ ಶುಚಿಗೊಳಿಸಬೇಕು. ಆ ಕಣ್ಣು ಪೂರ್ತಿ ಮುಚ್ಚದೆ ಒಣಗಿ ಹುಣ್ಣಾಗಬಹುದಾದ್ದರಿಂದ ಅದಕ್ಕೆ ವೈದ್ಯರು ಹೇಳಿದ ಮುಲಾಮು ಬೇಕು.

ಈ ಪುಡಿಯ ಕುರಿತು ನನ್ನದೊಂದು ಆಕ್ಷೇಪವೂ ಇದೆ, ಅದು ಪುಡಿಗಿಂತ ಅದನ್ನು ಬಳಸುವವರ ಕುರಿತಾದದ್ದು. ಸಿರಿಂಜಿನಲ್ಲಿ ಹೊಟ್ಟೆ ತುಂಬುತ್ತದೆ ಎಂಬ ಸಮಾಧಾನದಿಂದ ಹುಲ್ಲು, ಸೊಪ್ಪು ಇಡುವುದನ್ನೇ ಕೆಲವರು ನಿಲ್ಲಿಸಿಬಿಡುತ್ತಾರೆ. ಎಷ್ಟೇ ಒರಟಾದ ಪುಡಿಯೂ ಹಲ್ಲು ಸವೆಯುವಷ್ಟು ಅಗಿಯುವ ಕೆಲಸ ಕೊಡುವುದಿಲ್ಲ. ಉದ್ದನೆಯ ಹುಲ್ಲೆಸಳನ್ನು ಬಾಯಿಯ ಹತ್ತಿರ ಹಿಡಿದರೆ, ನೆಟ್ಟಗೆ ನಿಲ್ಲಲಾರದ ಮೊಲವೂ ಅಗಿಯತೊಡಗುವುದುಂಟು. ಹಾಗೆ ತಾನೇ ತಿನ್ನುವುದು ಹೆಚ್ಚಿದಂತೆ ಸಿರಿಂಜಿನ ಪಾಲನ್ನು ತಕ್ಕಡಿ ನೋಡಿಕೊಂಡು ಹಂತ ಹಂತವಾಗಿ ಇಳಿಸಬೇಕು, ಒಮ್ಮೆಲೇ ನಿಲ್ಲಿಸಬಾರದು. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟರೂ ಮರುದಿನಕ್ಕೆ ಉಳಿಸಿಕೊಳ್ಳದಿರುವುದು ಕ್ಷೇಮ. ಮೊಲ ಸಾಕಿದವರು ಚಿಕ್ಕ ಪೊಟ್ಟಣವೊಂದನ್ನು ಮೊದಲೇ ತಂದಿಟ್ಟುಕೊಂಡು, ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡುತ್ತಿರಲಿ; ಇಂಥ ಕಾಯಿಲೆ ಶುರುವಾದ ರಾತ್ರಿ ಹುಡುಕಲು ಹೊರಟರೆ ಇದು ಕೈಗೆ ಸಿಗುವುದು ಕಷ್ಟ.