ಮೇಲಿಂಗ್ ಲಿಸ್ಟಾ, ಡಿಸ್ಕೋರ್ಸಾ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ನನ್ನದು ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶ ಕೈಕೊಟ್ಟರೆ ಅದರ ಮೇಲಿಂಗ್ ಲಿಸ್ಟ್‌ಗೆ ಬರೆಯುತ್ತೇನೆ, ಅಂದರೆ ಒಂದು ವಿಳಾಸಕ್ಕೆ ಮೇಲ್ ಕಳಿಸಿದರೆ ಸದಸ್ಯರೆಲ್ಲರಿಗೂ ಹೋಗುವ ಪಟ್ಟಿಗೆ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಎರಡು ದಾರಿ ಇವೆ. ಒಂದು, 1997ರಿಂದ ನಡೆದು ಬಂದ ಆರ್-ಹೆಲ್ಪ್ ಲಿಸ್ಟ್. ಇನ್ನೊಂದು, ಡಿಸ್ಕೋರ್ಸ್ ಅನ್ನುವ ವೆಬ್ ಫೋರಂ ತಂತ್ರಾಂಶದ ಮೇಲೆ ಓಡುವ ಪಾಸಿಟ್ ಕಮ್ಯುನಿಟಿ. ಬಿಡುವಿದ್ದಾಗ ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ನಮ್ಮ ಕಡೆಯ ರಸ್ತೆ, ಕೆರೆ ಗುರುತಿಸುವ ಹವ್ಯಾಸವೂ ಉಂಟು. ಅವರೂ 2022ರಲ್ಲಿ ಡಿಸ್ಕೋರ್ಸ್ ಶುರು ಮಾಡಿದರು. ಹೀಗಾಗಿ ಎರಡೂ ಕಡೆ ಕೇಳಿ, ಓದಿ, ಕೈಲಾದಷ್ಟು ಉತ್ತರ ಕೊಟ್ಟು ಸಾಕಷ್ಟು ವರ್ಷ ಆಯಿತು. ‘ನಮ್ಮ ಸಾಫ್ಟ್‌ವೇರ್ ಬಳಸುವವರಿಗೆ ಯಾವುದು ಮಾಡಿಕೊಡೋಣ?’ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರು ಮಾಡುವುದಾದರೆ ಡಿಸ್ಕೋರ್ಸ್ ಹಾಕಿ. ಆದರೆ ಚೆನ್ನಾಗಿ ನಡೆಯುತ್ತಿರುವ ಲಿಸ್ಟ್ ಈಗಾಗಲೇ ಇದ್ದರೆ ಅದನ್ನು ಮುಟ್ಟುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ: ಉತ್ತರ ಕೊಡುವವರು ಎಲ್ಲಿ ಕೂತಿದ್ದಾರೆ?

ಪ್ರಶ್ನೆ ಕೇಳುವವರು ಎಲ್ಲಿಗಾದರೂ ಬರುತ್ತಾರೆ. ಕೆಲಸ ನಿಂತಿರುತ್ತದೆ, ಹುಡುಕಿಕೊಂಡು ಬಂದೇ ಬರುತ್ತಾರೆ. ಉತ್ತರ ಕೊಡುವವರು ಮಾತ್ರ ಯಾವ ಸಮುದಾಯದಲ್ಲೂ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರಿಗೆ ಇದಕ್ಕೆ ಸಂಬಳ ಇಲ್ಲ, ಬಲವಂತವೂ ಇಲ್ಲ. ಅವರ ದಿನದ ಓಡಾಟದಲ್ಲಿ ನಿಮ್ಮ ಪ್ರಶ್ನೆ ಕಣ್ಣಿಗೆ ಬಿದ್ದರೆ ಉತ್ತರ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಪೋಸ್ಟ್‌ಗ್ರೆಸ್‌ನ ಪಿಜಿಎಸ್‌ಕ್ಯೂಎಲ್-ಜನರಲ್ ಲಿಸ್ಟ್ ನೋಡಿ. ಟಾಮ್ ಲೇನ್ ಅವರಂಥ, ಡೇಟಾಬೇಸ್‌ನ ಒಳಭಾಗವನ್ನೇ ಬರೆದ ಹಿರಿಯರು ದಶಕಗಳಿಂದ ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಉತ್ತರ ಕೊಡುತ್ತಿದ್ದಾರೆ. ಅಷ್ಟು ದೊಡ್ಡವರು ಅಷ್ಟು ಸುಲಭವಾಗಿ ಹೇಗೆ ಸಿಗುತ್ತಾರೆ? ಅವರ ಮುಖ್ಯ ಕೆಲಸವೂ ಇಮೇಲ್‌ನಲ್ಲೇ ನಡೆಯುತ್ತದೆ. ಪ್ಯಾಚ್ (ಕೋಡ್‌ನ ತಿದ್ದುಪಡಿ) ಬರುವುದು, ಅದರ ಮೇಲೆ ಚರ್ಚೆ ಆಗುವುದು ಎಲ್ಲ ಪಿಜಿಎಸ್‌ಕ್ಯೂಎಲ್-ಹ್ಯಾಕರ್ಸ್ ಲಿಸ್ಟ್‌ನಲ್ಲಿ. ಹೇಗೂ ತೆರೆದಿರುವ ಮೇಲ್‌ಬಾಕ್ಸ್‌ಗೇ ನಮ್ಮ ಪ್ರಶ್ನೆಯೂ ಹೋಗಿ ಬೀಳುತ್ತದೆ. ನಾಳೆ ಈ ಲಿಸ್ಟ್ ಮುಚ್ಚಿ ಚಂದದ ವೆಬ್ ಫೋರಂ ಮಾಡಿದರು ಅನ್ನಿ. ಕೇಳುವವರು ಜಾಸ್ತಿ ಆಗುತ್ತಾರೆ, ಅದು ಖಂಡಿತ. ಆದರೆ ಈ ಹಿರಿಯರು ದಿನಾ ಬ್ರೌಸರ್ ತೆರೆದು, ಲಾಗಿನ್ ಆಗಿ, ಹೊಸ ಪ್ರಶ್ನೆ ಬಂತಾ ಅಂತ ನೋಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಹಾಗಂತ ಲಿಸ್ಟ್‌ನಲ್ಲಿ ಎಲ್ಲ ಸುಖವಾಗಿದೆ ಅಂತಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಕ್ವೆರಿ ನಿಧಾನ’ ಅಂತ ಬರೆದರೆ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಜ್’ ಆದೇಶ ಕೊಟ್ಟು ಬಂದದ್ದನ್ನು ಕಳಿಸಿ. ಆ ಔಟ್‌ಪುಟ್, ಅಂದರೆ ಪ್ಲಾನ್, ಮರದ ಆಕಾರದಲ್ಲಿರುತ್ತದೆ. ಒಳಗಿನ ಪ್ರತಿ ಹಂತದ ಮುಂದೆ ಒಂದು ಬಾಣ. ಯಾವ ಹಂತ ಯಾವುದರ ಒಳಗಿದೆ ಅನ್ನುವುದು ಸಾಲಿನ ಎಡಗಡೆ ಬಿಟ್ಟ ಖಾಲಿ ಜಾಗದಿಂದಲೇ ಗೊತ್ತಾಗಬೇಕು. ಸಾಲುಗಳು ಉದ್ದ: ಅಂದಾಜು ವೆಚ್ಚ, ನಿಜವಾಗಿ ಹಿಡಿದ ಸಮಯ, ಎಷ್ಟು ಸಾಲು ಬಂತು, ಎಷ್ಟು ಸಲ ಓಡಿತು, ಎಲ್ಲ ಒಂದೇ ಗೆರೆಯಲ್ಲಿ. ಎಷ್ಟೋ ಮೇಲ್ ಪ್ರೋಗ್ರಾಂಗಳು ಸುಮಾರು 75 ಅಕ್ಷರಕ್ಕೆ ಸಾಲು ಮುರಿಯುತ್ತವೆ. ಆಗ ‘ನಿಜವಾದ ಸಮಯ’ ಕೆಳಗಿನ ಸಾಲಿಗೆ ಜಾರಿ ಎಡಕ್ಕೆ ಅಂಟಿಕೊಳ್ಳುತ್ತದೆ, ಮರ ಕುಸಿದು ಬೀಳುತ್ತದೆ. ಓದುವವರು ಅದನ್ನು ಮತ್ತೆ ಜೋಡಿಸಿಕೊಂಡು ಓದಬೇಕು. ಅದಕ್ಕೇ ಬಹಳ ಜನ ಪ್ಲಾನ್ ಅನ್ನು ಬೇರೊಂದು ತಾಣದಲ್ಲಿ ಅಂಟಿಸಿ ಲಿಸ್ಟ್‌ಗೆ ಬರೀ ಕೊಂಡಿ ಕಳಿಸುತ್ತಾರೆ. ಆ ತಾಣ ಇರುವವರೆಗೆ ಮಾತ್ರ ಆ ಪ್ರಶ್ನೆಗೆ ಅರ್ಥ. ಡಿಸ್ಕೋರ್ಸ್‌ನಲ್ಲಿ ಮೇಲೊಂದು, ಕೆಳಗೊಂದು ಸಾಲು ಗುರುತು ಹಾಕಿದರೆ ಮುಗಿಯಿತು. ಪ್ಲಾನ್ ಇದ್ದ ಹಾಗೇ ನಿಲ್ಲುತ್ತದೆ, ಉದ್ದ ಸಾಲನ್ನು ಪಕ್ಕಕ್ಕೆ ಸರಿಸಿ ಓದಬಹುದು. ನನ್ನ ಕೆಲಸಕ್ಕೆ ಇದೊಂದೇ ಸೌಲಭ್ಯ ತುಂಬಾ ದೊಡ್ಡದು.

ಚಿತ್ರದ ಕಥೆಯೂ ಹೀಗೇ. ಲಿಸ್ಟ್ ನಡೆಸಲು ಬಳಸುವ ಮೇಲ್‌ಮ್ಯಾನ್ 2 ತಂತ್ರಾಂಶದಲ್ಲಿ ಒಂದು ಮೇಲ್‌ನ ಗಾತ್ರಕ್ಕೆ ಮೊದಲೇ ಇಟ್ಟಿರುವ ಮಿತಿ 40 ಕಿಲೋಬೈಟ್. ಇವತ್ತಿನ ಫೋನಿನ ಒಂದು ಸ್ಕ್ರೀನ್‌ಶಾಟ್ ಅದಕ್ಕಿಂತ ಎಷ್ಟೋ ದೊಡ್ಡದು. ಆಡಳಿತದವರು ಆ ಮಿತಿ ಏರಿಸದೆ ಬಿಟ್ಟಿದ್ದರೆ, ಹೊಸಬರು ತಪ್ಪು ಸಂದೇಶದ ಚಿತ್ರ ಹಾಕಿ ಕಳಿಸಿದ ಕೂಡಲೇ ‘ನಿಮ್ಮ ಮೇಲ್ ಅನುಮತಿಗಾಗಿ ಕಾಯುತ್ತಿದೆ’ ಅಂತ ಉತ್ತರ ಬರುತ್ತದೆ. ಯಾರು ಅನುಮತಿ ಕೊಡಬೇಕು, ಯಾವಾಗ ಕೊಡುತ್ತಾರೆ, ಅವರಿಗೇನು ಗೊತ್ತು? ಸುಮ್ನೆ ಕಾದು ಕಾದು ಹೋಗಿಬಿಡುತ್ತಾರೆ.

ಲಿಸ್ಟ್ ನಡೆಸುವವರ ಕಷ್ಟ ಇದಕ್ಕಿಂತ ದೊಡ್ಡದು, ಮತ್ತು ಅದು ಹೊರಗೆ ಕಾಣುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮವನ್ನು ಬಿಗಿ ಮಾಡಿತು. ಯಾಹೂ ವಿಳಾಸದಿಂದ ಬಂದ ಮೇಲ್ ಯಾಹೂ ಸರ್ವರ್‌ನಿಂದಲೇ ಬಂದಿರಬೇಕು, ಇಲ್ಲವೇ ಅದರ ಮೇಲಿನ ಡಿಕಿಮ್ ಅನ್ನುವ ಡಿಜಿಟಲ್ ಸಹಿ ಕೆಡದೆ ಉಳಿದಿರಬೇಕು. ಎರಡೂ ಇಲ್ಲದಿದ್ದರೆ ಒಳಗೆ ಬಿಡಬೇಡಿ ಅಂತ ಉಳಿದ ಮೇಲ್ ಸೇವೆಗಳಿಗೆ ಹೇಳಿತು. ಮೋಸದ ಮೇಲ್ ತಡೆಯಲು ಇದು ಬೇಕಿತ್ತು. ಆದರೆ ಲಿಸ್ಟ್ ಮಾಡುವ ಕೆಲಸ ಏನು? ಸದಸ್ಯರ ಮೇಲ್ ತಗೊಂಡು ತನ್ನ ಸರ್ವರ್‌ನಿಂದ ಎಲ್ಲರಿಗೂ ಕಳಿಸುತ್ತದೆ. ಸಬ್ಜೆಕ್ಟ್ ಮುಂದೆ ಲಿಸ್ಟಿನ ಹೆಸರು ಸೇರಿಸುತ್ತದೆ, ಕೆಳಗೆ ಫೂಟರ್ ಅಂಟಿಸುತ್ತದೆ. ಅಲ್ಲಿಗೆ ಸರ್ವರೂ ಬೇರೆ, ಸಹಿಯೂ ಕೆಟ್ಟಿತು. ಬರೆದವರು ಯಾಹೂ ವಿಳಾಸದವರು, ಮೇಲ್ ತಿರುಗಿ ಹೋಗಿದ್ದು ಮಾತ್ರ ಬೇರೆ ಸೇವೆಗಳಲ್ಲಿದ್ದ ಸದಸ್ಯರ ಬಾಗಿಲಿಂದ. ಹೀಗೆ ತಿರುಗಿ ಬಂದ ಮೇಲ್‌ಗಳ (ಬೌನ್ಸ್) ಲೆಕ್ಕ ಮಿತಿ ದಾಟಿದರೆ ಮೇಲ್‌ಮ್ಯಾನ್ ಆ ಸದಸ್ಯರಿಗೆ ಮೇಲ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಏನೂ ಮಾಡದ ಜನ ತಮಗೇ ಗೊತ್ತಿಲ್ಲದೆ ಹೊರಗುಳಿದರು.

ಆಮೇಲೆ ಮೇಲ್‌ಮ್ಯಾನ್‌ನಲ್ಲಿ ಕಳಿಸಿದವರ ವಿಳಾಸದ ಜಾಗದಲ್ಲಿ ಲಿಸ್ಟಿನ ವಿಳಾಸ ಹಾಕುವ ಉಪಾಯ ಬಳಕೆಗೆ ಬಂತು. ಪೋಸ್ಟ್‌ಗ್ರೆಸ್‌ನವರು 2017ರಲ್ಲಿ ತಮ್ಮದೇ ಲಿಸ್ಟ್ ತಂತ್ರಾಂಶವಾದ ಪಿಜಿಲಿಸ್ಟರ್‌ಗೆ ಬದಲಾದಾಗ ಇನ್ನೂ ಒಳ್ಳೆಯ ದಾರಿ ಹಿಡಿದರು. ಸಬ್ಜೆಕ್ಟ್ ಟ್ಯಾಗ್ ತೆಗೆದರು, ಫೂಟರ್ ತೆಗೆದರು. ಮೇಲ್ ಅನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಸಹಿ ಕೆಡುವುದಿಲ್ಲ. ಇದನ್ನೆಲ್ಲ ಮಾಡಲು ಮೇಲ್ ಸರ್ವರ್ ಒಳಹೊರಗು ಗೊತ್ತಿರುವ ಸ್ವಯಂಸೇವಕರು ಬೇಕು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ರಾಶಿ ಮೇಲ್ ಕಳಿಸುವವರಿಗೆ ನಿಯಮ ಇನ್ನಷ್ಟು ಬಿಗಿ ಮಾಡಿವೆ. ನಾನಿದ್ದ ಒಂದು ಪುಟ್ಟ ಲಿಸ್ಟ್ ಹೀಗೇ ಸೊರಗಿತು. ಮೇಲ್‌ಗಳು ಬಹಳ ಸದಸ್ಯರ ಸ್ಪ್ಯಾಮ್ ಫೋಲ್ಡರ್ ಸೇರುತ್ತಿದ್ದವು. ಪ್ರಶ್ನೆ ಕೇಳಿದವರು ಯಾರೂ ಉತ್ತರಿಸಲಿಲ್ಲ ಅಂತ ಬೇಜಾರಾದರು, ಉತ್ತರ ಗೊತ್ತಿದ್ದವರಿಗೆ ಪ್ರಶ್ನೆ ತಲುಪಲೇ ಇಲ್ಲ. ಡಿಸ್ಕೋರ್ಸ್‌ಗೂ ಮೇಲ್ ಕಳಿಸುವ ವ್ಯವಸ್ಥೆ ಬೇಕೇ ಬೇಕು. ಆದರೆ ಮೇಲ್ ಕೈಕೊಟ್ಟರೂ ಪ್ರಶ್ನೆ ತಾಣದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತದೆ.

ಇನ್ನು ಡಿಸ್ಕೋರ್ಸ್. ಜೆಫ್ ಅಟ್‌ವುಡ್, ರಾಬಿನ್ ವಾರ್ಡ್, ಸ್ಯಾಮ್ ಸ್ಯಾಫ್ರನ್ ಸೇರಿ 2013ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ತಲೆಬರಹ ಟೈಪ್ ಮಾಡುತ್ತಿದ್ದಂತೆ ಅದೇ ಥರದ ಹಳೆಯ ಪ್ರಶ್ನೆಗಳನ್ನು ಪಕ್ಕದಲ್ಲಿ ತೋರಿಸುತ್ತದೆ. ಎಷ್ಟೋ ಸಲ ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿಕ್ಕಿರುತ್ತದೆ. ತಪ್ಪು ಬರೆದರೆ ತಿದ್ದಬಹುದು. ಲಿಸ್ಟ್‌ನಲ್ಲಿ ಕಳಿಸಿದ ಮೇಲ್ ಕಳಿಸಿದ ಹಾಗೇ. ಒಂದು ಪ್ರಶ್ನೆಯ ನಡುವೆ ಯಾರೋ ಬೇರೆ ವಿಷಯ ತೆಗೆದರೆ ಮಾಡರೇಟರ್ ಅದನ್ನು ಕತ್ತರಿಸಿ ಪ್ರತ್ಯೇಕ ಮಾಡುತ್ತಾರೆ. ಪರಿಹಾರ ಸಿಕ್ಕಿದ ಉತ್ತರಕ್ಕೆ ಗುರುತು ಹಾಕುವ ಸೌಲಭ್ಯವಂತೂ ಮೂರು ವರ್ಷ ಬಿಟ್ಟು ಬರುವ ಅಪರಿಚಿತರಿಗೆ ದೊಡ್ಡ ಉಪಕಾರ.

ಅದರ ನಂಬಿಕೆಯ ಮಟ್ಟಗಳು ನನಗೆ ತುಂಬಾ ಹಿಡಿಸಿದವು. ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲುಗಳಿವೆ. ಆಡಳಿತದವರು ಬದಲಿಸದಿದ್ದರೆ, ಹೊಸಬರು ಐದು ವಿಷಯ ತೆರೆದು, 30 ಪೋಸ್ಟ್ ಓದಿ, ಹತ್ತು ನಿಮಿಷ ಓದುತ್ತಾ ಕಳೆದರೆ ಮೊದಲ ಮೆಟ್ಟಿಲು ಹತ್ತುತ್ತಾರೆ. ಅಂದರೆ ಮಾತಾಡಿದ್ದಕ್ಕಲ್ಲ, ಓದಿದ್ದಕ್ಕೆ ಮರ್ಯಾದೆ. ಸ್ಪ್ಯಾಮ್ ಹಾಕುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಇದರ ತೊಡಕು ಏನಂದರೆ ಆ ಮೆಟ್ಟಿಲು ಹತ್ತುವವರೆಗೆ ಒಂದು ಪೋಸ್ಟ್‌ನಲ್ಲಿ ಎರಡೇ ಕೊಂಡಿ, ಒಂದೇ ಚಿತ್ರ. ನಿಜವಾಗಿ ತೊಂದರೆಯಲ್ಲಿ ಬಂದವರಿಗೇ ಜಾಸ್ತಿ ಚಿತ್ರ ಬೇಕಾಗಿರುತ್ತದೆ ಅಲ್ವಾ? ಬಳಕೆದಾರರ ಸಮುದಾಯ ನಡೆಸುವವರು ಈ ಮಿತಿಯನ್ನು ಮೊದಲ ದಿನವೇ ಸಡಿಲಿಸಬೇಕು.

ನನಗೆ ಸರಿಬರದ ಸಂಗತಿಗಳೂ ಇವೆ. ಪುಟ ಭಾರ. ಆಂಡ್ರಾಯ್ಡ್ ಫೋನಿನಲ್ಲಿ ಜಾವಾಸ್ಕ್ರಿಪ್ಟ್ ನಿಧಾನ ಅಂತ 2015ರಲ್ಲಿ ಅಟ್‌ವುಡ್ ಅವರೇ ಬರೆದಿದ್ದರು. ಫೋನ್‌ಗಳು ಈಗ ಸುಧಾರಿಸಿವೆ, ಆದರೂ ಅಗ್ಗದ ಫೋನು, ಮಲೆನಾಡಿನ ನೆಟ್‌ವರ್ಕು ಎರಡೂ ಸೇರಿದರೆ ಕಾಯುವುದು ತಪ್ಪಿಲ್ಲ. ಮೇಲ್ ಆದರೆ ಸಿಗ್ನಲ್ ಇದ್ದಾಗ ಬಂದು ಕೂತಿರುತ್ತದೆ, ಘಾಟಿಯಲ್ಲಿ ಓದಬಹುದು. ಎಲ್ಲ ಪೋಸ್ಟ್ ಮೇಲ್‌ಗೆ ತರಿಸುವ ‘ಮೇಲಿಂಗ್ ಲಿಸ್ಟ್ ಮೋಡ್’ ಡಿಸ್ಕೋರ್ಸ್‌ನಲ್ಲೂ ಇದೆ. ಆಡಳಿತದವರು ಅನುಮತಿ ಕೊಟ್ಟರೆ ಮಾತ್ರ. ಮೇಲ್‌ನಿಂದಲೇ ಉತ್ತರ ಕೊಡಲೂ ಆಗುತ್ತದೆ. ಆದರೆ ಬರೆದವರು ಆಮೇಲೆ ತಿದ್ದಿದ್ದು ಮೇಲ್‌ಗೆ ಬರುವುದಿಲ್ಲ. ಮೇಲ್‌ನಲ್ಲಿ ಯಾರು ಯಾರಿಗೆ ಉತ್ತರಿಸಿದರು ಅನ್ನುವ ಕವಲು ಸ್ಪಷ್ಟವಾಗಿ ಕಾಣುತ್ತದೆ, ಡಿಸ್ಕೋರ್ಸ್‌ನಲ್ಲಿ ಎಲ್ಲ ಒಂದರ ಕೆಳಗೆ ಒಂದು. ಚಿಕ್ಕ ಪ್ರಶ್ನೆಗೆ ಇದೇ ಸರಿ. ವಾರಗಟ್ಟಲೆ ನಡೆಯುವ ವಾದಕ್ಕೆ ಮೇಲ್ ಸರಿ.

ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನವರು 2022ರಲ್ಲಿ ಲಿಸ್ಟ್‌ಗಳನ್ನು ನಿಲ್ಲಿಸಿ ಡಿಸ್ಕೋರ್ಸ್‌ಗೆ ಹೋದರು. ಅದೇ ವರ್ಷ ಪೈಥಾನ್ ಭಾಷೆ ಕಟ್ಟುವವರ ಪೈಥಾನ್-ಡೆವ್ ಲಿಸ್ಟಿನ ಚರ್ಚೆಯೂ ಡಿಸ್ಕೋರ್ಸ್‌ಗೆ ಹೋಯಿತು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಕೆಲಸ ಇಮೇಲ್‌ನಲ್ಲೇ ಇದೆ. ಮೂವರೂ ಸರಿಯೇ ಅನ್ನುತ್ತೇನೆ. ಪೈಥಾನ್‌ನಲ್ಲಿ ಮುಖ್ಯ ಜನರೇ ಹೊಸ ಜಾಗಕ್ಕೆ ಬಂದು ಕೂತರು. ಕರ್ನೆಲ್‌ನಲ್ಲಿ ಪ್ಯಾಚ್ ಓಡಾಡುವುದೇ ಮೇಲ್‌ನಲ್ಲಿ.

ಹಳೆಯ ಮಾತು ಉಳಿಯುವ ವಿಷಯದಲ್ಲಿ ನಾನು ಗಟ್ಟಿಯಾಗಿ ಲಿಸ್ಟ್ ಪರ. ಪೋಸ್ಟ್‌ಗ್ರೆಸ್‌ನ ಕೋಡ್ ಬದಲಾವಣೆಗಳ ಟಿಪ್ಪಣಿಯಲ್ಲಿ ‘ಡಿಸ್ಕಷನ್’ ಅಂತ ಒಂದು ಸಾಲಿರುತ್ತದೆ. ಅದರಲ್ಲಿ ಆ ಮೇಲ್‌ನ ಗುರುತುಸಂಖ್ಯೆಯೇ ಕೊಂಡಿ. ಈ ಸಾಲು ಯಾಕೆ ಹೀಗಿದೆ ಅಂತ ಅನುಮಾನ ಬಂದು ಒತ್ತಿದರೆ ವರ್ಷಗಳ ಹಿಂದಿನ ಇಡೀ ವಾದ ತೆರೆದುಕೊಳ್ಳುತ್ತದೆ. ಪ್ರತಿ ಸದಸ್ಯರ ಮೇಲ್‌ಬಾಕ್ಸ್‌ನಲ್ಲೂ ಒಂದು ನಕಲು ಬೇರೆ. ಇದಕ್ಕೆ ವಿರುದ್ಧದ ಅನುಭವವೂ ನನಗಾಗಿದೆ. ಒಂದು ಕಂಪನಿ ತನ್ನ ಬಳಕೆದಾರರ ಫೋರಂ ಅನ್ನು ಹೊಸ ತಂತ್ರಾಂಶಕ್ಕೆ ಬದಲಿಸಿತು. ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಕೊಂಡಿಗಳೆಲ್ಲ ಮುಖಪುಟಕ್ಕೆ ಹೋಗಿ ನಿಂತವು. ಜನ ಪುಕ್ಕಟೆ ಕೂತು ಬರೆದ ಉತ್ತರಗಳು ಅವು. ಈಗಲೂ ಸಿಟ್ಟು ಬರುತ್ತದೆ. ಆದರೆ ಲಿಸ್ಟ್ ಆಗಿದ್ದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಅಲ್ಲ. ಲಿಸ್ಟ್‌ಗಳಿಗೆ ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಹಳೆಯದನ್ನೆಲ್ಲ ತೆಗೆಯಿತು, ಮರುವರ್ಷ ಡಿಸೆಂಬರ್‌ನಲ್ಲಿ ಬಾಗಿಲೇ ಹಾಕಿತು. ಬೇರೆಯವರ ಜಾಗದಲ್ಲಿ ಇಟ್ಟ ಮಾತು ಅವರ ಮರ್ಜಿಯಲ್ಲೇ ಇರುತ್ತದೆ.

ನಮ್ಮ ಕನ್ನಡದವರ ವಿಷಯಕ್ಕೆ ಬಂದರೆ ಆಯ್ಕೆ ಸ್ವಲ್ಪ ಬೇರೆ. ನನ್ನ ಸುತ್ತ ಕನ್ನಡದಲ್ಲಿ ಸಾಫ್ಟ್‌ವೇರ್ ಪ್ರಶ್ನೆ ಕೇಳುವವರು ಲಿಸ್ಟ್‌ಗೂ ಹೋಗುವುದಿಲ್ಲ, ಫೋರಂಗೂ ಹೋಗುವುದಿಲ್ಲ. ವಾಟ್ಸ್ಯಾಪ್, ಟೆಲಿಗ್ರಾಂ ಗುಂಪಿನಲ್ಲಿ ಕೇಳುತ್ತಾರೆ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ಯೂನಿಕೋಡ್‌ಗೆ ತರುವುದು ಹೇಗೆ, ಲಿಬ್ರೆಆಫೀಸ್‌ನಲ್ಲಿ ಒತ್ತಕ್ಷರ ಯಾಕೆ ಒಡೆಯುತ್ತದೆ, ಇಂಥವು. ಒಳ್ಳೆಯ ಉತ್ತರವೂ ಬರುತ್ತದೆ. ಸಂಜೆಯೊಳಗೆ ಶುಭೋದಯ ಸಂದೇಶಗಳ ಕೆಳಗೆ ಹೂತು ಹೋಗುತ್ತದೆ. ಗೂಗಲ್‌ನಲ್ಲಿ ಅದು ಯಾರಿಗೂ ಸಿಗುವುದಿಲ್ಲ, ಮುಂದಿನ ತಿಂಗಳು ಅದೇ ಪ್ರಶ್ನೆ ಮತ್ತೆ.

ಇವರನ್ನು ಲಿಸ್ಟ್‌ಗೆ ಕರೆದರೆ ಬರುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಹಳೆಯ ಲಿಸ್ಟ್ ಸಂಗ್ರಹಗಳಲ್ಲಿ ಕನ್ನಡದ ಗತಿಯನ್ನೂ ನೋಡಿದ್ದೇನೆ. ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕೆಲವು ಕಡೆ ಸಬ್ಜೆಕ್ಟ್ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳ ರಾಶಿ. ಯಾರೋ ಅಕ್ಕರೆಯಿಂದ ಕನ್ನಡದಲ್ಲೇ ಬರೆದ ಉತ್ತರ ಓದಲಾಗದೆ ಬಿದ್ದಿದೆ. ಡಿಸ್ಕೋರ್ಸ್ ಯೂನಿಕೋಡ್ ಕಾಲದಲ್ಲಿ ಹುಟ್ಟಿದ್ದು. ಕನ್ನಡ ಅಕ್ಷರ ಕೆಡುವುದಿಲ್ಲ, ಫೋನಿನಿಂದಲೇ ಚಿತ್ರ ಹಾಕಬಹುದು, ಪುಟ ಗೂಗಲ್‌ಗೆ ಸಿಗುತ್ತದೆ.

ಅಂಕ ಕೊಡುವುದಾದರೆ, ಬಳಕೆದಾರರ ಸಮುದಾಯಕ್ಕೆ ಡಿಸ್ಕೋರ್ಸ್ 5ಕ್ಕೆ 4, ಮೇಲಿಂಗ್ ಲಿಸ್ಟ್ 5ಕ್ಕೆ 3. ಪೋಸ್ಟ್‌ಗ್ರೆಸ್‌ನ ಲಿಸ್ಟ್ ಒಂದಕ್ಕೆ ಮಾತ್ರ 5ಕ್ಕೆ 5 ಕೊಡುತ್ತೇನೆ, ಅಲ್ಲಿನ ಜನರಿಗಾಗಿ.

ಡಿಸ್ಕೋರ್ಸ್ ಹಾಕುವವರು ಕನಿಷ್ಠ 1 ಜಿಬಿ ರ್‍ಯಾಮ್ ಇರುವ ಸರ್ವರ್ ತಗೊಳ್ಳಿ, 2 ಇದ್ದರೆ ನೆಮ್ಮದಿ. ಮೇಲ್‌ನಿಂದ ಉತ್ತರಿಸುವ ಸೌಲಭ್ಯವನ್ನೂ ಮೇಲಿಂಗ್ ಲಿಸ್ಟ್ ಮೋಡನ್ನೂ ಮೊದಲ ದಿನವೇ ತೆರೆದಿಡಿ. ಮೇಲ್ ಬಿಟ್ಟು ಹೊರಬರದ ಹಿರಿಯರು ಅದರಿಂದಾಗಿ ನಿಮ್ಮ ಜೊತೆ ಉಳಿಯಬಹುದು. ಲಾಗಿನ್ ಇಲ್ಲದೆ ಎಲ್ಲರೂ ಓದುವಂತಿರಲಿ. ಡೊಮೇನ್ ಹೆಸರು ಸಮುದಾಯದ ಕೈಯಲ್ಲಿರಲಿ, ಯಾರದೋ ಒಬ್ಬರ ವೈಯಕ್ತಿಕ ಖಾತೆಯಲ್ಲಿ ಬೇಡ. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಬಿಡದೆ ಬೇರೆ ಕಡೆ ಇಡಿ, ಮತ್ತು ಅದನ್ನು ತೆರೆಯಲು ಕನಿಷ್ಠ ಇಬ್ಬರಿಗೆ ಬರಬೇಕು.