‘ಹಾಕ್ತಾ ಹಾಕ್ತಾ ಸೆಟ್ ಆಗುತ್ತೆ’ ಅಂದರೆ ನಂಬಬೇಡಿ: ವಾಕಿಂಗ್ ಶೂ ತಗೊಂಡು ನಾನು ಪಟ್ಟ ಪಾಡು

ವಾಕಿಂಗ್‌ಗೆ ಶೂ ತಗೊಳ್ಳಬೇಕು ಅಂತಿರುವವರು ಅಂಗಡಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಅದರಲ್ಲೂ ನನ್ನ ಹಾಗೆ ಐವತ್ತು ದಾಟಿ, ಅಲ್ಲಿಯವರೆಗೂ ಚಪ್ಪಲಿಯಲ್ಲೇ ಓಡಾಡಿಕೊಂಡಿದ್ದು, ಈಗ ಡಾಕ್ಟರ್ ಹೇಳಿದರು ಅಂತ ಮೊದಲ ಸಲ ಶೂ ಹಾಕುತ್ತಿರುವ ಹೆಂಗಸರು.

ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಅಂಚಿಗೆ ಬಂದು ನಿಂತಿತ್ತು. ಮಾತ್ರೆ ಈಗಲೇ ಬೇಡ, ದಿನಾ ಮುಕ್ಕಾಲು ಗಂಟೆ ನಡೀರಿ ಅಂದರು. ಮೈಸೂರಿನಲ್ಲಿ ನಡೆಯೋಕೆ ಜಾಗಕ್ಕೇನು ಬರ? ಮನೆ ಹತ್ತಿರವೇ ಕುಕ್ಕರಹಳ್ಳಿ ಕೆರೆ. ಮಣ್ಣಿನ ದಾರಿ, ಮರದ ನೆರಳು, ನೀರಿನಲ್ಲಿ ಹೆಜ್ಜಾರ್ಲೆ. ಬೇಕಿದ್ದದ್ದು ಶೂ ಮಾತ್ರ.

ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ನಾನೂ ನಮ್ಮನೆಯವರೂ ಒಂದು ಅಂಗಡಿಗೆ ಹೋದೆವು. ಅಂಗಡಿ ಹೆಸರು ಬೇಡ ಬಿಡಿ. ಸೇಲ್ ನಡೀತಿತ್ತು. ಎಂಆರ್‌ಪಿ 3,999 ಇದ್ದ ಶೂ 1,599ಕ್ಕೆ. ತಿಳಿಗುಲಾಬಿ ಬಣ್ಣ, ನೋಡಿದ ತಕ್ಷಣ ಮನಸ್ಸು ಹೋಯಿತು. ಕಾಲಿಟ್ಟರೆ ಹತ್ತಿಯಷ್ಟು ಮೆತ್ತಗೆ. "ಮೆಮೊರಿ ಫೋಮ್ ಮೇಡಂ, ಹಾಸಿಗೆ ಮೇಲೆ ನಡೆದಂಗಿರುತ್ತೆ" ಅಂದ ಹುಡುಗ. ಅಂಗಡಿಯ ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ಹಾಕಿದೆ. ಕಿರುಬೆರಳ ಹತ್ತಿರ ಸ್ವಲ್ಪ ಹಿಡಿಯುತ್ತಲ್ಲಪ್ಪಾ ಅಂದೆ. "ಹಾಕ್ತಾ ಹಾಕ್ತಾ ಸೆಟ್ ಆಗುತ್ತೆ ಮೇಡಂ." ನಮ್ಮನೆಯವರೂ "ಚಪ್ಪಲಿ ಹಿಗ್ಗಲ್ವಾ, ಹಾಗೇ ಇದೂನೂ" ಅಂತ ತಾಳ ಹಾಕಿದರು. ಹಿಗ್ಗುವುದು ಚರ್ಮದ ಚಪ್ಪಲಿ. ಈ ಸಿಂಥೆಟಿಕ್ ಶೂ ಎಲ್ಲಿ ಬಿಗಿಯೋ ಅಲ್ಲಿ ಬಿಗಿಯಾಗಿಯೇ ಇರುತ್ತೆ. ಹಿಗ್ಗಿದ್ದು ನನ್ನ ಕಾಲು, ಅದೂ ಊತ ಬಂದು.

ಮೊದಲ ವಾರ ಬೊಬ್ಬೆ. ಮೂರನೇ ವಾರಕ್ಕೆ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಹೊಸದರಲ್ಲಿ ಹಾಗೇ ಅಂತ ನಡೀತಾನೇ ಇದ್ದೆ. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದೆ ನೋಡಿ, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋದೆ. ಆಶ್ಚರ್ಯ ಏನೆಂದರೆ, ಹತ್ತಿಪ್ಪತ್ತು ಹೆಜ್ಜೆ ನಡೆದರೆ ನೋವು ಇಳಿಯುತ್ತೆ. ಕೂತು ಎದ್ದರೆ ಮತ್ತೆ ಹಾಜರ್. ಪಕ್ಕದ ಮನೆಯವರು ವಾತ ಅಂದರು, ನನ್ನ ತಂಗಿ ಯೂರಿಕ್ ಆಸಿಡ್ ಅಂದಳು. ಎರಡು ವಾರ ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದೇ ಬಂತು.

ಕೊನೆಗೆ ಮೂಳೆ ಡಾಕ್ಟರ್ ಹತ್ತಿರ ಹೋದೆ. ಹಿಮ್ಮಡಿಯ ಒಳಬದಿಗೆ ಹೆಬ್ಬೆರಳಲ್ಲಿ ಒತ್ತಿದರು, ನಾನು ಕಿರುಚಿದೆ. ಪ್ಲಾಂಟರ್ ಫೆಸೈಟಿಸ್ ಅಂದರು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಪಾದದ ಅಡಿ ಒಂದು ಗಟ್ಟಿ ಪಟ್ಟಿ ಇರುತ್ತಂತೆ. ಅದಕ್ಕೆ ಪೆಟ್ಟು ಬಿದ್ದಿದೆ. ರಾತ್ರಿಯೆಲ್ಲ ಮುದುಡಿದ್ದು ಬೆಳಗಿನ ಮೊದಲ ಹೆಜ್ಜೆಗೆ ಎಳೆಯುತ್ತೆ, ಅದಕ್ಕೇ ಆ ಮೊಳೆ. ಶೂ ಒಂದನ್ನೇ ದೂರಬೇಡಿ ಅಂತಲೂ ಹೇಳಿದರು. ಅಭ್ಯಾಸವಿಲ್ಲದೆ ಒಮ್ಮೆಗೇ ಮುಕ್ಕಾಲು ಗಂಟೆ ನಡೆದಿದ್ದು, ನನ್ನ ತೂಕ, ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವುದು, ಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲು, ಎಲ್ಲವೂ ಸೇರಿವೆ. ಆದರೂ ಮುಂದಿನ ಸಲ ಆ ಶೂ ತನ್ನಿ, ನೋಡೋಣ ಅಂದರು.

ಅವತ್ತು ಅವರು ಮಾಡಿ ತೋರಿಸಿದ್ದನ್ನು ಅಂಗಡಿಯಲ್ಲೇ ಯಾರಾದರೂ ತೋರಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಶೂನ ಎರಡು ತುದಿ ಹಿಡಿದು ತಿರುಚಿದರು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ಬಗ್ಗಿಸಿದರೆ ಸರಿಯಾಗಿ ನಡುವಲ್ಲೇ ಮಡಚಿತು. ಶೂ ಬಗ್ಗಬೇಕಾದ್ದು ಬೆರಳುಗಳ ಬುಡದಲ್ಲಿ, ನಮ್ಮ ಪಾದ ಬಗ್ಗುವ ಕಡೆ. ಹಿಮ್ಮಡಿ ಹಿಡಿಯುವ ಹಿಂಭಾಗ ಗಟ್ಟಿಯಾಗಿರಬೇಕು, ಇದು ಒಂದು ಬೆರಳಿಗೇ ಚಪ್ಪಟೆಯಾಯಿತು. ಆಮೇಲೆ ಇನ್‌ಸೋಲ್, ಅಂದರೆ ಶೂ ಒಳಗೆ ಪಾದದಡಿ ಇರುವ ಹಾಸು, ಅದನ್ನು ಎಳೆದು ನೆಲದ ಮೇಲಿಟ್ಟು, ಇದರ ಮೇಲೆ ನಿಲ್ಲಿ ಅಂದರು. ನಿಂತೆ. ಕಿರುಬೆರಳು ಪೂರ್ತಿ ಹೊರಗೆ! ಅಷ್ಟು ಅಗಲದ ಪಾದವನ್ನು ಅಷ್ಟು ಕಿರಿದಾದ ಗೂಡಿಗೆ ದಿನಾ ತುರುಕುತ್ತಿದ್ದೆ. ಆ ಹತ್ತಿಯಂಥ ಫೋಮ್ ಅಷ್ಟರಲ್ಲಿ ಹಿಮ್ಮಡಿ ಜಾಗದಲ್ಲಿ ಹಪ್ಪಳವಾಗಿತ್ತು.

ಫಿಸಿಯೋಥೆರಪಿ ಹತ್ತು ದಿನ, ದಿನಕ್ಕೆ 400. ಶೂನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಸುವ ವ್ಯಾಯಾಮ, ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಪಾದದಡಿ ಉರುಳಿಸುವುದು. ನಾಲ್ಕು ತಿಂಗಳು ಕೆರೆಯ ಮುಖ ನೋಡಲಿಲ್ಲ.

ಕಥೆ ಇಲ್ಲಿಗೂ ಮುಗಿಯಲಿಲ್ಲ. ನನಗಾಗದಿದ್ದರೂ ತಂಗಿಗೆ ಆದೀತು ಅಂತ ಆ ಶೂ ಎತ್ತಿಟ್ಟಿದ್ದೆ. ಮಳೆಗಾಲ ಕಳೆದು ತೆಗೆದರೆ ಅಡಿಭಾಗ ಹಳೇ ರಸ್ಕ್ ಹಾಗೆ ಪುಡಿಪುಡಿ ಉದುರುತ್ತಿದೆ. ರಿಪೇರಿಯವರು ಕೈಯಲ್ಲಿ ಹಿಡಿದವರೇ, "ಅಮ್ಮಾ, ಅಂಟು ಬಿಟ್ಟಿದ್ದಾದ್ರೆ ಹಚ್ಚಿಕೊಡ್ತಿದ್ದೆ. ಇದು ಸೋಲೇ ಸತ್ತಿದೆ" ಅಂದರು. ಡಬ್ಬ ತೆಗೆದು ನೋಡಿದೆ. ತಯಾರಾದ ತಿಂಗಳು, ವರ್ಷ ಅಚ್ಚಾಗಿತ್ತು: ನಾನು ಕೊಳ್ಳುವಾಗಲೇ ಮೂರು ವರ್ಷ ಹಳತು. ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್‌ನ ಸೋಲ್, ಗಾಳಿಯ ತೇವ ಕುಡಿದು, ಹಾಕದೆ ಇಟ್ಟರೂ ಹೀಗೆ ಉದುರುತ್ತೆ. ಸೇಲ್‌ನಲ್ಲಿ ಬೆಲೆ ನೋಡುವ ಮೊದಲು ಡಬ್ಬದ ಆ ಮೂಲೆ ನೋಡಿ.

ಅಂಗಡಿಯವರು "ಸೇಲ್ ಮಾಲು ವಾಪಸ್ ಇಲ್ಲ" ಅಂದರು. ಅಳತೆ ತಪ್ಪಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ 2019ರ ಗ್ರಾಹಕ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟರೆ ಒಲ್ಲೆ ಅನ್ನುವಂತಿಲ್ಲ. ನನ್ನದು ಎಂದೋ ದಾಟಿತ್ತು. ನಿಮಗೆ ಹೀಗಾದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಎರಡನೇ ಸಲ ಹೋಗಿದ್ದು ಸಂಜೆ ಆರಕ್ಕೆ, ಶಾಲೆ ಮುಗಿಸಿ. ದಿನವಿಡೀ ನಿಂತ ಕಾಲು ಸಂಜೆಗೆ ಸ್ವಲ್ಪ ದೊಡ್ಡದಾಗಿರುತ್ತೆ, ಅಳತೆ ಆವಾಗಲೇ ನೋಡಬೇಕು. ವಾಕಿಂಗ್‌ನ ಸಾಕ್ಸ್ ಮನೆಯಿಂದಲೇ ಹಾಕಿಕೊಂಡು ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಐದು ಜೊತೆಯ ಇನ್‌ಸೋಲ್ ಎಳೆಸಿ ನಿಂತು ನೋಡಿದೆ, ಐದರಲ್ಲೂ ಕಿರುಬೆರಳು ಹೊರಗೆ. ಚಪ್ಪಲಿ, ಬರಿಗಾಲಿನಲ್ಲೇ ಬೆಳೆದ ನಮ್ಮಂಥವರ ಪಾದ ಮುಂದೆ ಬೀಸಣಿಗೆ ಹಾಗೆ ಅಗಲ ಅಲ್ವಾ? ಗಂಡಸರ ಸಾಲಿಗೆ ಹೋದೆ. ಹುಡುಗ ನಕ್ಕ. ನಗಲಿ. ಯುಕೆ ನಂಬರ್ ಗಂಡಸರಿಗೂ ಹೆಂಗಸರಿಗೂ ಉದ್ದದಲ್ಲಿ ಒಂದೇ, ಗಂಡಸರದ್ದು ಅಗಲ ಜಾಸ್ತಿ. ಯುಎಸ್ ನಂಬರ್ ಹಾಗಲ್ಲ, ಇಬ್ಬರಿಗೂ ಬೇರೆ ಬೇರೆ, ಆನ್‌ಲೈನ್‌ನಲ್ಲಿ ತರಿಸುವವರು ಇಲ್ಲೇ ಮೋಸ ಹೋಗುವುದು. ನಿಂತಾಗ ಉದ್ದದ ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯಿತು, ನನ್ನ ಬಲಗಾಲು ದೊಡ್ಡದು, ಅದಕ್ಕೇ ಅಳೆದೆ. ಕಾರ್ಪೆಟ್ ಬಿಟ್ಟು ಟೈಲ್ಸ್ ಮೇಲೆ ಹತ್ತು ನಿಮಿಷ ಓಡಾಡಿದೆ. ಬೂದು ಬಣ್ಣ, 2,800 ರೂಪಾಯಿ, ಚಂದವೇನಿಲ್ಲ.

ಶುಗರ್ ಜಾಸ್ತಿ ಇದ್ದು ಪಾದ ಜೋಮು ಹಿಡಿಯುವವರು ಮಾತ್ರ ನನ್ನ ಮಾತನ್ನೂ ನಂಬಿಕೊಂಡು ಹೋಗಬೇಡಿ, ಡಾಕ್ಟರ್‌ಗೆ ಕಾಲು ತೋರಿಸಿ ತಗೊಳ್ಳಿ. ನನಗೆ ಬೊಬ್ಬೆ ಎದ್ದಾಗ ನೋವಾದರೂ ಆಯಿತು. ಅವರಿಗೆ ಗಾಯವಾಗಿದ್ದೇ ಗೊತ್ತಾಗುವುದಿಲ್ಲ.

ಈಗ ಮತ್ತೆ ಕೆರೆಗೆ ಹೋಗುತ್ತಿದ್ದೇನೆ. ಶುರುವಿನಲ್ಲಿ ಹದಿನೈದು ನಿಮಿಷ, ಈಗ ಅರ್ಧ ಗಂಟೆ. ವಾಕಿಂಗ್ ಶೂ 500ರಿಂದ 800 ಕಿಲೋಮೀಟರ್ ನಡೆದರೆ ಹೆಚ್ಚು, ಆಮೇಲೆ ಮೇಲೆ ಚೆನ್ನಾಗಿ ಕಂಡರೂ ಅಡಿ ಸತ್ತಿರುತ್ತೆ ಅಂತಾರೆ. ಅದಕ್ಕೇ ಹೊಸ ಶೂನ ನಾಲಿಗೆಯ ಒಳಗಡೆ ಮಾರ್ಕರ್ ಪೆನ್ನಿನಲ್ಲಿ ಕೊಂಡ ತಾರೀಖು ಬರೆದಿಟ್ಟಿದ್ದೇನೆ. ನಮ್ಮನೆಯವರು ಅದನ್ನು ನೋಡಿ ಹಾಲಿನ ಪ್ಯಾಕೆಟ್ಟಾ ಅಂತ ಕೇಳಿದರು.