ಬಾಲ್ ಪೈಥಾನ್ ಜೋಡಿ ನೋಡಲು ವೈಫೈ ಕ್ಯಾಮೆರಾ: ಕಾರವಾರದ ಮನೆಗೆ ಹೊಂದುತ್ತದೆಯೇ?

ಮನೆ ಕಾವಲಿಗೆಂದು ಮಾರುವ, ಎರಡು-ಮೂರು ಸಾವಿರ ರೂಪಾಯಿಯ 1080ಪಿ ವೈಫೈ ಕ್ಯಾಮೆರಾವನ್ನೇ ಹಾವು ಸಾಕುವವರು ಗೂಡಿಗೂ ಬಳಸುತ್ತಾರೆ. ಮರಿ ಮಾಡಿಸಲು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು) ಜೋಡಿ ಬಿಟ್ಟವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು. ‘ಲಾಕ್’ ಆದ, ಅಂದರೆ ಮಿಲನದಲ್ಲಿ ಬಾಲ ಬೆಸೆದುಕೊಂಡ ಹಾವುಗಳನ್ನು ನೋಡಲು ಮುಚ್ಚಳ ತೆಗೆದರೆ ಅವು ಬೆದರಿ ಜಗ್ಗಾಡಿ ಗಂಡಿನ ಜನನಾಂಗಕ್ಕೆ ಪೆಟ್ಟಾಗಬಹುದು. ಕ್ಯಾಮೆರಾ ಇದ್ದರೆ ಮುಚ್ಚಳದ ಗೊಡವೆಯೇ ಬೇಡ. ಆದರೆ ತಂದ ಹಾಗೇ ಗಾಜಿನ ಮುಂದೆ ಇಟ್ಟರೆ ರಾತ್ರಿಯಿಡೀ ಕಾಣುವುದು ಒಂದು ಬಿಳಿ ಮಬ್ಬು ಮಾತ್ರ.

ಅದು ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಗಾಜಿಗೆ ಬಡಿದು ವಾಪಸ್ ಬರುವ ಬೆಳಕು. ಜಾಲರಿ ಮುಚ್ಚಳದ ಮೇಲಿಟ್ಟರೂ ಜಾಲರಿಯೇ ಹೊಳೆಯುತ್ತದೆ. ಆ್ಯಪ್‌ನಲ್ಲಿ ದೀಪ ಆರಿಸಿ ಗೂಡಿನೊಳಗೆ ಬೇರೆ ಇನ್‌ಫ್ರಾರೆಡ್ ದೀಪ ಹಾಕೋಣ ಎಂದರೆ ಅಲ್ಲೊಂದು ತೊಡಕು: ಹಲವು ಮಾಡೆಲ್‌ಗಳಲ್ಲಿ ದೀಪ ಆರಿಸಿದ ಕೂಡಲೇ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಸೆನ್ಸರಿನ ಮುಂದೆ ಬಂದು ಕೂರುತ್ತದೆ, ಪರದೆ ಪೂರ್ತಿ ಕಪ್ಪು. ಆದ್ದರಿಂದ ನೈಟ್ ಮೋಡ್ ಅನ್ನು ‘ಯಾವಾಗಲೂ ಆನ್’ ಮಾಡಿ, ದೀಪಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಎರಡು ಪದರ ಅಂಟಿಸಿ, ಗೂಡಿನ ಮೇಲ್ಮೂಲೆಗೆ 940 ನ್ಯಾನೋಮೀಟರ್ ಅಲೆಯುದ್ದದ ಸಣ್ಣ ಇನ್‌ಫ್ರಾರೆಡ್ ದೀಪ ಕೊಡಿ. 850ರದ್ದು ಮಂದ ಕೆಂಪಾಗಿ ಕಾಣುತ್ತದೆ, 940ರದ್ದು ಕಾಣುವುದಿಲ್ಲ. ಬಾಲ್ ಪೈಥಾನ್ ತುಟಿಯ ಕುಳಿಗಳಿಂದ ಶಾಖ ಗ್ರಹಿಸುತ್ತದೆ, ನಿಜ. ಆದರೆ ಅವು ಗ್ರಹಿಸುವುದು ಮೈಶಾಖದ ಉದ್ದ ಅಲೆಗಳನ್ನು, ಈ ದೀಪದ ಅಲೆಯನ್ನಲ್ಲ. ಕ್ಯಾಮೆರಾದ ಬಿಸಿ ಮೈ ಮಾತ್ರ ಹಾವನ್ನು ಸೆಳೆಯುತ್ತದೆ. ಒಳಗಿಟ್ಟರೆ ಸುತ್ತಿಕೊಂಡು ಬೀಳಿಸುವುದು ಖಾತ್ರಿ. ಹೊರಗೇ ಇರಲಿ.

ಇನ್ನು ಫೋಕಸ್. ಈ ಕ್ಯಾಮೆರಾಗಳು ಕೋಣೆ ನೋಡಲು ಮಾಡಿದವು, ಒಂದಡಿ ದೂರದಲ್ಲಿ ಎಲ್ಲ ಮಸುಕು. 90 ಸೆಂಟಿಮೀಟರ್ ಉದ್ದದ ಗೂಡಾದರೆ ಉದ್ದದ ಒಂದು ತುದಿಯಿಂದ ನೋಡುವಂತೆ ಇಡಿ.

ದೊಡ್ಡ ನಿರಾಶೆ ಎಂದರೆ ಮೋಷನ್ ಅಲರ್ಟ್. ಲಾಕ್ ಆದ ಜೋಡಿ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನಕ್ಕೂ ಮೀರಿ, ಹೆಚ್ಚುಕಮ್ಮಿ ಅಲುಗದೆ ಬಿದ್ದಿರುತ್ತದೆ; ಕ್ಯಾಮೆರಾ ಮಾತ್ರ ಗಾಜಿನ ಮೇಲೆ ಹರಿಯುವ ಜಿರಲೆಯನ್ನು ನಿಷ್ಠೆಯಿಂದ ಹಿಡಿದುಕೊಡುತ್ತದೆ. ಅಲರ್ಟ್ ಆರಿಸಿ, ನಿರಂತರ ರೆಕಾರ್ಡಿಂಗ್ ಇಡಿ. ಸೆಕೆಂಡಿಗೆ 1.2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 13 ಜಿಬಿ. 128 ಜಿಬಿ ಕಾರ್ಡಿನಲ್ಲಿ ಒಂಬತ್ತು ದಿನ ಉಳಿಯುತ್ತದೆ.

ನೋಡಬೇಕಾದ್ದು ಬಾಲದ ಬುಡ. ಆಳದ ಅಡಗುಗೂಡು ತೆಗೆದು, ಕ್ಯಾಮೆರಾ ಕಡೆ ಬಾಯಿ ಇರುವ ಅರ್ಧವೃತ್ತದ್ದು ಇಡಿ. ಗಂಡು ಹೆಣ್ಣಿನ ಬೆನ್ನ ಮೇಲೆ ಹರಿದು, ಗುದದ್ವಾರದ ಪಕ್ಕದ ಎರಡು ಸಣ್ಣ ಉಗುರುಗಳಿಂದ ಕೆರೆಯುತ್ತದೆ. ಹೆಣ್ಣು ಬಾಲ ಎತ್ತಿದರೆ ಗಂಡಿನ ಬಾಲ ಅದರಡಿಗೆ ಸೇರುತ್ತದೆ. ಅದೇ ಲಾಕ್. ಬರೀ ಒಟ್ಟಿಗೆ ಸುರುಳಿ ಸುತ್ತಿ ಮಲಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗದ್ದೆ ಬದುವಿನಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ತಲೆ ಎತ್ತಿ ನಿಂತರೆ ಊರವರು ಮಿಲನ ಎನ್ನುತ್ತಾರೆ, ಅದು ಗಂಡುಗಳೆರಡರ ಕುಸ್ತಿ. ಲಿಂಗ ತಪ್ಪಾಗಿ ಗುರುತಿಸಿ ಎರಡು ಗಂಡು ಬಿಟ್ಟರೆ ಗೂಡಿನಲ್ಲೂ ಅದೇ ನಡೆಯುತ್ತದೆ: ಜಗ್ಗಾಟವೆಲ್ಲ ಕುತ್ತಿಗೆ ಕಡೆ, ಒಂದನ್ನೊಂದು ನೆಲಕ್ಕೆ ಒತ್ತುತ್ತವೆ. ಕಂಡ ತಕ್ಷಣ ಬೇರ್ಪಡಿಸಿ.

ಜೋಡಿ ತೆಗೆದ ಮೇಲೂ ರೆಕಾರ್ಡಿಂಗ್ ನಿಲ್ಲಿಸಬೇಡಿ. ಅಂಡೋತ್ಪತ್ತಿಯಾದಾಗ ಹೆಣ್ಣಿನ ನಡುಮೈ ದೊಡ್ಡ ಇಲಿ ನುಂಗಿದಂತೆ ಉಬ್ಬುತ್ತದೆ, ಒಂದು ದಿನದೊಳಗೆ ಇಳಿಯುತ್ತದೆ. ಆ ತಾರೀಕು ಸಿಕ್ಕರೆ ಎರಡು-ಮೂರು ವಾರಕ್ಕೆ ಪೊರೆ, ಪೊರೆ ಬಿಟ್ಟು ಸುಮಾರು 30 ದಿನಕ್ಕೆ ಮೊಟ್ಟೆ ಎಂದು ಇನ್‌ಕ್ಯುಬೇಟರ್ ಸಿದ್ಧ ಮಾಡಿಕೊಳ್ಳಬಹುದು. ಹೆಣ್ಣಿನ ತೂಕ ಮಾತ್ರ ಕ್ಯಾಮೆರಾ ಹೇಳದು. 1,500 ಗ್ರಾಂ ದಾಟದ ಹೆಣ್ಣನ್ನು ಜೋಡಿಗೆ ಬಿಡಬೇಡಿ.

ಮಿಲನಕ್ಕೆ ರಾತ್ರಿ ತುಸು ತಂಪು ಬೇಕು, ಕಾರವಾರದ ಚಳಿಗಾಲ ಅದಕ್ಕೆ ಅನುಕೂಲ: ರಾತ್ರಿ ಗೂಡಿನ ತಂಪು ಬದಿ 24 ಡಿಗ್ರಿಗೆ ಇಳಿಯಲು ಥರ್ಮೋಸ್ಟಾಟ್ ತುಸು ತಗ್ಗಿಸಿದರೆ ಸಾಕು. ಘಟ್ಟದ ಮೇಲಿನ ಶಿರಸಿಯಲ್ಲಿ ಅದೇ ಸೆಟ್ಟಿಂಗ್ ಇಟ್ಟು ಮಲಗಿದರೆ ಬೆಳಗಿನ ಜಾವ ಹಾವಿಗೆ ಶೀತ ಹಿಡಿಯುತ್ತದೆ, ಅಲ್ಲಿ ಬಿಸಿ ಹೆಚ್ಚಿಸಬೇಕು. ಕರೆಂಟ್ ಹೋದಾಗ ವೈಫೈ ಸತ್ತರೂ, ಚಾರ್ಜ್ ಆಗುತ್ತಲೇ ಕರೆಂಟ್ ಕೊಡುವ ಪವರ್‌ಬ್ಯಾಂಕ್ ಜೋಡಿಸಿದ್ದರೆ ಕಾರ್ಡಿಗೆ ರೆಕಾರ್ಡಿಂಗ್ ನಡೆಯುತ್ತದೆ. ಕಡಲ ಗಾಳಿಗೆ ಯುಎಸ್‌ಬಿ ಪಿನ್ ಹಸಿರುಗಟ್ಟುತ್ತದೆ; ಕ್ಯಾಮೆರಾ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗತೊಡಗಿದರೆ ಮೊದಲು ಅಲ್ಲಿ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ.

ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ನಮ್ಮ ಕಾಡಿನ ಹೆಬ್ಬಾವು, ಮಣ್ಣುಮುಕ್ಕ ಹಾವನ್ನು ಮನೆಯಲ್ಲಿಡುವುದೇ ಅಪರಾಧ, ಅವುಗಳ ಮುಂದೆ ಯಾವ ಕ್ಯಾಮೆರಾವೂ ಬೇಡ.